ಮಣಿಯೊಳಗಿನ ಹೂವನ್ನು ಯಾವ ಬ್ರಶ್‌ನಲ್ಲಿ ಬರೆಯುತ್ತೀರಿ?

ನಾನು ಮಾಡಿದ ಗಾಜಿನ ಮಣಿಯನ್ನು ಕೈಗೆ ತಗೊಂಡವರೆಲ್ಲ ಇದನ್ನೇ ಕೇಳುತ್ತಾರೆ. ಮಣಿ ಹೆಚ್ಚೆಂದರೆ ಅಡಿಕೆಯಷ್ಟು. ಅದರಲ್ಲಿ ಆರೆಸಳಿನ ಬಿಳಿ ಹೂವುಗಳು, ಪ್ರತಿ ಹೂವಿನ ನಡುವೆ ಹಳದಿ ಚುಕ್ಕಿ. “ಎಷ್ಟು ಸಣ್ಣ ಬ್ರಶ್ ಬೇಕು, ಅಲ್ವಾ?” ಅನ್ನುತ್ತಾರೆ. ಬ್ರಶ್ಶೂ ಇಲ್ಲ, ಬಳಿಯುವ ಬಣ್ಣವೂ ಇಲ್ಲ. ಹೂವನ್ನು ಮೊದಲು ದೊಡ್ಡದಾಗಿ ಮಾಡಿ, ಆಮೇಲೆ ಎಳೆದು ಸಣ್ಣದು ಮಾಡಿದ್ದು.

ಜಾತ್ರೆಯಲ್ಲಿ ಬೊಂಬೆ ಮಿಠಾಯಿ ಮಾರುವವನನ್ನು ನೋಡಿದ್ದರೆ ಅರ್ಧ ಉತ್ತರ ನಿಮಗೆ ಆಗಲೇ ಗೊತ್ತು. ಕೋಲಿಗೆ ಸುತ್ತಿದ ಸಕ್ಕರೆ ಮುದ್ದೆ, ಅದರ ಮೈಮೇಲೆ ಬಣ್ಣದ ಪಟ್ಟೆ. ಅವನು ಎಳೆದಷ್ಟೂ ಎಳೆ ತೆಳುವಾಗುತ್ತದೆ, ಪಟ್ಟೆಯೂ ಜೊತೆಗೇ ತೆಳುವಾಗುತ್ತದೆ. ಆದರೆ ಬಣ್ಣಗಳು ಕಲಸಿಹೋಗುವುದಿಲ್ಲ. ಗಾಜೂ ಹಾಗೇ.

ಹಳದಿ ಗಾಜಿನ ಕಡ್ಡಿಯ ತುದಿಯನ್ನು ಗ್ಯಾಸ್ ಟಾರ್ಚಿನ ಉರಿಯಲ್ಲಿ ಕರಗಿಸಿ, ಗ್ರಾಫೈಟ್ ಹಲಗೆಯ ಮೇಲೆ ಉರುಳಿಸಿ ಒಂದು ಗಿಡ್ಡ ಕಂಬ ಮಾಡುತ್ತೇನೆ. ಅದರ ಸುತ್ತ ಉದ್ದುದ್ದಕ್ಕೆ ಆರು ಬಿಳಿ ಪಟ್ಟೆ. ಸಂದುಗಳಿಗೆ ನೀಲಿ. ಕೊನೆಗೆ ಎಲ್ಲದರ ಮೇಲೆ ಇನ್ನೊಂದು ನೀಲಿ ಹೊದಿಕೆ. ಅಷ್ಟು ಹೊತ್ತೂ ಕೈ ತಿರುಗುತ್ತಲೇ ಇರಬೇಕು. ನಿಂತಿತೋ, ಗಾಜು ಒಂದು ಕಡೆಗೆ ಜೋತುಬೀಳುತ್ತದೆ. ಈಗ ತುದಿಯಿಂದ ನೋಡಿದರೆ ಹೂವು ಕಾಣುತ್ತದೆ, ಆದರೆ ಹೆಬ್ಬೆರಳಿನಷ್ಟು ದಪ್ಪ. ಇನ್ನೊಂದು ತುದಿಗೂ ಒಂದು ಕಡ್ಡಿ ಅಂಟಿಸಿಕೊಂಡು ಪೂರ್ತಿ ಕಾಯಿಸುತ್ತೇನೆ.

ಎಲ್ಲರೂ ಕೆಡಿಸುವುದು ಇಲ್ಲೇ. ಹೊರಗೆ ಕೆಂಪಗೆ ಹೊಳೆದ ಮಾತ್ರಕ್ಕೆ ಒಳಗೂ ಕಾದಿದೆ ಅಂತಲ್ಲ. ತಿರುಳು ಗಟ್ಟಿಯಿದ್ದರೆ ಹೊರಗಿನದು ಮಾತ್ರ ಜಾರಿ ಹೂವು ಸೊಟ್ಟಗಾಗುತ್ತದೆ. ಉರಿಯಲ್ಲಿಟ್ಟುಕೊಂಡೇ ಎಳೆದರೆ ಕೂದಲೆಳೆಯಾಗಿ ತುಂಡಾಗುತ್ತದೆ. ಉರಿಯಿಂದ ಈಚೆ ತೆಗೆದು, ಮನಸ್ಸಿನಲ್ಲೇ ಎರಡೋ ಮೂರೋ ಎಣಿಸಬೇಕು. ಮೇಲೆ ತೆಳು ಕೆನೆ ಕಟ್ಟಿದ ಹಾಗಾಗುತ್ತದೆ. ಆಗ ಮೆಲ್ಲಗೆ ಎಳೆಯಬೇಕು. ಮೊದಲು ತೆಳುವಾದ ಭಾಗ ಮೊದಲು ಆರಿ ಬಿಗಿಯುತ್ತದೆ, ದಪ್ಪ ಉಳಿದ ಭಾಗ ಬಿಸಿಯಾಗಿದ್ದು ಎಳೆತಕ್ಕೆ ಬರುತ್ತದೆ. ಕಡ್ಡಿ ತಾನಾಗಿಯೇ ಸರಿಸುಮಾರು ಒಂದೇ ದಪ್ಪಕ್ಕೆ ಬಂದು ನಿಲ್ಲುವುದು ಹೀಗೆ. ಒಂದೆಳೆ ಪಾಕದ ಹದ ಗೊತ್ತಿರುವವರಿಗೆ ನಾನು ಜಾಸ್ತಿ ಹೇಳಬೇಕಿಲ್ಲ.

20 ಮಿಲಿಮೀಟರ್ ದಪ್ಪದ ಕಂಬವನ್ನು 4 ಮಿಲಿಮೀಟರಿಗೆ ಇಳಿಸಿದರೆ ಉದ್ದ 25 ಪಟ್ಟು ಆಗುತ್ತದೆ. 3 ಸೆಂಟಿಮೀಟರಿನ ತುಂಡು ಮುಕ್ಕಾಲು ಮೀಟರ್! ನನ್ನ ಕೈ ಚಾಚಿದರೆ ಒಂದು ಮಾರು, ಅದರಾಚೆಗೆ ನನಗೆ ದಾರಿಯಿಲ್ಲ. ವೆನಿಸ್ ಪಕ್ಕದ ಮುರಾನೊ ದ್ವೀಪದಲ್ಲಿ ದೊಡ್ಡ ಗಾಜಿನ ಮುದ್ದೆಯನ್ನು ಇಬ್ಬರು ಹಿಡಿದು, ಒಬ್ಬರಿಂದೊಬ್ಬರು ದೂರ ನಡೆಯುತ್ತಾ ಎಳೆಯುತ್ತಾರೆ. ಊರಿಗೆ ಬೆಂಕಿ ಬಿದ್ದೀತೆಂದು 1291ರಲ್ಲಿ ವೆನಿಸ್‌ನವರು ಗಾಜಿನ ಕುಲುಮೆಗಳನ್ನೆಲ್ಲ ಆ ದ್ವೀಪಕ್ಕೆ ಸಾಗಹಾಕಿದ್ದರು. ಈ ಹೂವಿನ ಕೆಲಸಕ್ಕೆ ಅವರ ಭಾಷೆಯಲ್ಲಿ ಮಿಲ್ಲೆಫಿಯೋರಿ ಅನ್ನುತ್ತಾರೆ, ಸಾವಿರ ಹೂವು ಅಂತ.

ಆರಿದ ಕಡ್ಡಿಯನ್ನು ಮೊಸಾಯಿಕ್ ಕಟರಿನಲ್ಲಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುವುದು, ಚಿಮುಟದಲ್ಲಿ ಹಿಡಿದು ಬಿಸಿ ಮಣಿಯ ಮೇಲೆ ಒತ್ತುವುದು, ಮತ್ತೆ ಉರಿ ತೋರಿಸಿ ಮೈ ನಯ ಮಾಡುವುದು. ಒಂದೇ ಕಡ್ಡಿಯಲ್ಲಿ ನೂರಾರು ಹೂವು. ಸಿದ್ಧ ಬಿಲ್ಲೆಗಳು ಅಂಗಡಿಯಲ್ಲೂ ಸಿಗುತ್ತವೆ. ಮೊದಲ ವರ್ಷ ನಾನೂ ಅವನ್ನೇ ಹಾಕುತ್ತಿದ್ದೆ. ತಪ್ಪೇನಿಲ್ಲ.

ತಪ್ಪು ಮಾಡಿದ್ದು ಬಳೆಯ ವಿಷಯದಲ್ಲಿ. ಮನೆಯಲ್ಲಿ ಒಡೆದ ಹಸಿರು ಬಳೆಗಳಿದ್ದವು. ಇಷ್ಟು ಒಳ್ಳೆ ಹಸಿರನ್ನು ಸುಮ್ನೆ ಯಾಕೆ ಎಸೆಯಬೇಕು ಅಂತ ಕಡ್ಡಿಯೊಳಗೆ ಸೇರಿಸಿದೆ. ಸೊಗಸಾಗಿ ಎಳೆಯಲು ಬಂತು. ಮಣಿಗೂ ಕೂತಿತು. 500 ಡಿಗ್ರಿ ದಾಟಿದ ಕಿಲ್ನ್‌ನಲ್ಲಿ, ಅಂದರೆ ಗಾಜು ತಣಿಸುವ ಗೂಡಿನಲ್ಲಿಟ್ಟು ರಾತ್ರಿಯೆಲ್ಲ ನಿಧಾನಕ್ಕೆ ತಣಿಸಿದೆ. ಬೆಳಿಗ್ಗೆ ತೆಗೆದರೆ ಪ್ರತಿ ಹೂವಿನ ಸುತ್ತಲೂ ಉಗುರಿನಲ್ಲಿ ಗೀರಿದ ಹಾಗೆ ಒಂದೊಂದು ಬಿರುಕು. ಎರಡು ಗಾಜು ತಣಿಯುವಾಗ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಆಗುವುದೇ ಇದು. ನನ್ನ ಕಡ್ಡಿಗಳೆಲ್ಲ 104 ಅನ್ನುವ ನಂಬರಿನವು, ಅದು ಹಿಗ್ಗು-ಕುಗ್ಗಿನ ಅಳತೆ. ಬಳೆಯ ನಂಬರು ಯಾರಿಗೆ ಗೊತ್ತು?

ಇನ್ನು, “ಹೆಸರು ಬರೆದು ಕೊಡ್ತೀರಾ?” ಅನ್ನುವವರಿದ್ದಾರೆ. ಆಗುತ್ತದೆ. 19ನೇ ಶತಮಾನದಲ್ಲಿ ವೆನಿಸ್‌ನ ಜಾಕೊಮೊ ಫ್ರಾಂಕಿನಿ ದೀಪದುರಿಯಲ್ಲೇ ಇಂಥ ಕಡ್ಡಿ ಮಾಡಿ, ಅಂಗಿ ಗುಂಡಿಗಿಂತ ಸಣ್ಣ ಬಿಲ್ಲೆಯಲ್ಲಿ ಇಟಲಿಯ ಏಕೀಕರಣಕ್ಕೆ ಹೋರಾಡಿದ ಗ್ಯಾರಿಬಾಲ್ಡಿಯ ಮುಖ ತಂದಿದ್ದ. ನಾನು ಒಂದು ‘ಕ’ ಮಾಡಹೊರಟೆ. ಬಿಳಿಯೊಳಗೆ ಕಪ್ಪು ಗೆರೆ, ಸುತ್ತುಗಳ ಒಳಗೆಲ್ಲ ಬಿಳಿ ತುಂಬಿ ಒಂದು ಇಡೀ ಮಧ್ಯಾಹ್ನ. ಕಡ್ಡಿ ಚೆನ್ನಾಗಿಯೇ ಬಂತು. ಬಿಲ್ಲೆಗೆ ಎರಡು ಮುಖ ಅನ್ನುವುದನ್ನು ಮಾತ್ರ ಮರೆತಿದ್ದೆ. ಹೂವಾದರೆ ಯಾವ ಕಡೆಯಿಂದಲೂ ಹೂವೇ. ಅಕ್ಷರ ಹಾಗಲ್ಲ. ಅರ್ಧ ಬಿಲ್ಲೆಗಳು ಬೆನ್ನು ಮೇಲಾಗಿ ಕೂತವು. ಸೊನ್ನೆ ಮಾಡಿದ್ದರೆ ಈ ತಾಪತ್ರಯವೇ ಇರುತ್ತಿರಲಿಲ್ಲ. ಅದರಲ್ಲೊಂದು ಮಣಿ ನನ್ನ ಗಾಡಿ ಕೀಲಿಯಲ್ಲಿ ನೇತಾಡುತ್ತಿದೆ. ಕನ್ನಡಿಗೆ ಹಿಡಿದರೆ ಸರಿಯಾಗಿ ಓದಬಹುದು.