ಹದಿನಾರು ಕಿಲೋಮೀಟರ್ ದಾರಿ, ಒಂದೇ ಪಾಯಿಂಟಿನ ಗೆಲುವು

ಡರ್ಹಮ್ ಪೇಟೆಯ ಹಳೆಯ ಇಟ್ಟಿಗೆ ಗೋದಾಮುಗಳ ನಡುವೆ ಲಕ್ಕಿ ಸ್ಟ್ರೈಕ್ ಸಿಗರೇಟಿನ ಹೆಸರು ಹೊತ್ತ ನೀರಿನ ಟ್ಯಾಂಕು ಇವತ್ತಿಗೂ ನಿಂತಿದೆ. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಈ ಸೀಮೆಯ ಕಥೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಬ್ಯಾರನ್‌ಗಳಲ್ಲಿ ಬಿಸಿಗಾಳಿಗೆ ಹದಗೊಳ್ಳುವ ವರ್ಜೀನಿಯಾ ತಂಬಾಕಿನ ಮೂಲ ಈ ನಾರ್ತ್ ಕೆರೊಲಿನಾ, ವರ್ಜೀನಿಯಾ ಗಡಿಯ ನೆಲವೇ. ತಂಬಾಕಿನ ದುಡ್ಡಿನಿಂದ 1924ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ಈಗಿನ ಹೆಸರು ಪಡೆಯಿತು. ಅಲ್ಲಿಂದ ಸುಮಾರು 10 ಮೈಲಿ, ಅಂದರೆ 16 ಕಿಲೋಮೀಟರ್ ಆಚೆ ಚ್ಯಾಪಲ್ ಹಿಲ್‌ನಲ್ಲಿ 1795ರಿಂದ ಪಾಠ ನಡೆಯುತ್ತಿರುವ ಯೂನಿವರ್ಸಿಟಿ ಆಫ್ ನಾರ್ತ್ ಕೆರೊಲಿನಾ ಇದೆ. ಜನರ ಬಾಯಲ್ಲಿ ಬರೀ ಕೆರೊಲಿನಾ. ಒಂದು ಖಾಸಗಿ, ಇನ್ನೊಂದು ಸರ್ಕಾರಿ. ಎರಡರ ನಡುವಿನ ಬಾಸ್ಕೆಟ್‌ಬಾಲ್ ಜಿದ್ದಿಗೆ ಅಂಟಿದ ಹೆಸರೂ ಟೊಬ್ಯಾಕೊ ರೋಡ್ ಎಂದೇ.

ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ, ಒಮ್ಮೆ ಇವರ ಅಂಗಳದಲ್ಲಿ, ಒಮ್ಮೆ ಅವರ ಅಂಗಳದಲ್ಲಿ ಆಟ. ಎದುರಾಳಿಯ ಅಂಗಳಕ್ಕೆ ಹೋಗಿ ಕೂದಲೆಳೆಯಲ್ಲಿ ಗೆದ್ದು ಬರುವುದು ಹೇಗಿರುತ್ತದೆ ಎಂದು ನೋಡಬೇಕಾದರೆ ಈ ದಾರಿಗಿಂತ ಚಿಕ್ಕ ಪ್ರವಾಸ ಅಮೆರಿಕದಲ್ಲಿ ಸಿಗುವುದು ಕಷ್ಟ. ಬೇರೆ ಕಡೆ ಇದಕ್ಕೆ ವಿಮಾನ ಹತ್ತಬೇಕು. ಇಲ್ಲಿ ಅರ್ಧ ಗಂಟೆಯ ಕಾರು ಸಾಕು, ಆಟದ ದಿನವನ್ನು ಬಿಟ್ಟು.

ಮೊದಲು ಡರ್ಹಮ್‌ನಿಂದ ಚ್ಯಾಪಲ್ ಹಿಲ್ ಕಡೆಗೆ. ಯುಎಸ್ 15-501 ಹೆದ್ದಾರಿ ಐ-40ನ್ನು ದಾಟಿ ಊರೊಳಗೆ ಬರುತ್ತಿದ್ದಂತೆ ಫೋರ್ಡಮ್ ಬುಲೆವಾರ್ಡ್ ಎಂಬ ಹೆಸರು ತಾಳುತ್ತದೆ. ಅಲ್ಲಿಂದ ಮ್ಯಾನಿಂಗ್ ಡ್ರೈವ್‌ಗೆ ತಿರುಗಿದರೆ ಕೆರೊಲಿನಾದ ಅಂಗಳವಾದ ಡೀನ್ ಸ್ಮಿತ್ ಸೆಂಟರ್. ಎಡವಟ್ಟಾಗುವುದೂ ಈ ತಿರುವಿನಲ್ಲೇ. ಅದೇ ಮ್ಯಾನಿಂಗ್ ಡ್ರೈವ್‌ನಲ್ಲಿ ದೊಡ್ಡ ಆಸ್ಪತ್ರೆಯೂ ಇದೆ. ಪಾಳಿ ಬದಲಾಗುವ ಹೊತ್ತಿಗೆ ಆಟದ ಜನವೂ ಬಂದು ಸೇರಿಕೊಂಡರೆ ಕೊನೆಯ ಎರಡು ಕಿಲೋಮೀಟರಿಗೆ ಮೊದಲ ಹದಿನಾಲ್ಕಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಕ್ರೀಡಾಂಗಣದ ಪಕ್ಕದ ಪಾರ್ಕಿಂಗ್ ಬಹುಪಾಲು ದೇಣಿಗೆದಾರರಿಗೆ ಮೀಸಲು. ಹೊರಗಿನವರು ಫ್ರೈಡೇ ಸೆಂಟರ್‌ನಂಥ ದೂರದ ಲಾಟ್‌ನಲ್ಲಿ ಕಾರು ಬಿಟ್ಟು ಆಟದ ದಿನದ ವಿಶೇಷ ಬಸ್ ಹಿಡಿಯುವುದೇ ಸರಿ. ರ‍್ಯಾಲಿ, ಕ್ಯಾರಿ, ಮಾರಿಸ್‌ವಿಲ್ ಕಡೆಯಿಂದ ಬರುವವರಿಗೆ, ಅಲ್ಲಿನ ಐಟಿ ಕನ್ನಡಿಗರೂ ಸೇರಿ, ಇದು ಇನ್ನೂ ಅನುಕೂಲ: ಐ-40ರ 273ನೇ ಎಗ್ಸಿಟ್‌ನಲ್ಲಿ ಇಳಿದು ಎನ್‌ಸಿ 54 ಹಿಡಿದರೆ ಫ್ರೈಡೇ ಸೆಂಟರ್ ದಾರಿಯಲ್ಲೇ ಸಿಗುತ್ತದೆ. ಊರೊಳಗಿನ ಚ್ಯಾಪಲ್ ಹಿಲ್ ಟ್ರಾನ್ಸಿಟ್ ಬಸ್ಸುಗಳಿಗೆ 2002ರಿಂದ ಟಿಕೆಟ್ಟೇ ಇಲ್ಲ. ಡರ್ಹಮ್‌ಗೂ ಚ್ಯಾಪಲ್ ಹಿಲ್‌ಗೂ ಗೋಟ್ರಯಾಂಗಲ್ ಬಸ್ ಓಡುತ್ತದೆ ನಿಜ. ಆದರೆ ವಾರದ ನಡುವಿನ ಆಟ ರಾತ್ರಿ 9ಕ್ಕೆ ಶುರುವಾದರೆ ಮುಗಿಯುವಾಗ 11 ದಾಟಿರುತ್ತದೆ. ಹಾಗಾಗಿ ಹೋಗುವ ಬಸ್ಸಿಗಿಂತ ಬರುವ ಬಸ್ಸಿನ ವೇಳೆ ಮೊದಲು ನೋಡಿಕೊಳ್ಳಬೇಕು. ಊಟವೂ ಮುಂಚೆಯೇ ಆಗಲಿ. ಆಟ ಮುಗಿಸಿ ಮಾರಿಸ್‌ವಿಲ್‌ಗೆ ಹೋಗಿ ದೋಸೆ ತಿನ್ನುತ್ತೇನೆ ಎಂದವರು ಮುಚ್ಚಿದ ಬಾಗಿಲು ನೋಡಿಕೊಂಡು ಬರುತ್ತಾರೆ.

ಬಟ್ಟೆಯ ಮಾತು. ಎರಡೂ ತಂಡದ್ದು ನೀಲಿ. ಹೊಸಬರ ಕಣ್ಣಿಗೆ ಇದೊಂದು ತಮಾಷೆ, ಅಲ್ಲಿಯವರಿಗೆ ತಮಾಷೆಯಲ್ಲ. ಕೆರೊಲಿನಾದ್ದು ತಿಳಿ ಆಕಾಶದ ನೀಲಿ, ಡ್ಯೂಕ್‌ನದು ಶಾಯಿಯಂಥ ಗಾಢ ನೀಲಿ. ಜೀನ್ಸ್ ಮೇಲೆ ಯಾವುದೋ ಒಂದು ನೀಲಿ ಅಂಗಿ ಹಾಕಿ ಹೋದರೆ ಅಕ್ಕಪಕ್ಕದವರು ನಿಮ್ಮ ಪಕ್ಷ ಯಾವುದೆಂದು ತೀರ್ಮಾನಿಸಿಬಿಟ್ಟಿರುತ್ತಾರೆ. ಎದುರಾಳಿಯ ಅಂಗಳದಲ್ಲಿ ತಂಡದ ಅಂಗಿಯ ಮೇಲೆ ಕಪ್ಪೋ ಬೂದು ಬಣ್ಣದ್ದೋ ಜಾಕೆಟ್ ಇರಲಿ. ಫೆಬ್ರವರಿಯ ಚಳಿಗೆ ಅದು ಹೇಗೂ ಬೇಕು. ಚೀಲ ಪಾರದರ್ಶಕವಾಗಿರಬೇಕು, ಸಾಮಾನ್ಯ ಅಳತೆ 12×6×12 ಇಂಚು. ಟಿಕೆಟ್ ಫೋನಿನಲ್ಲೇ ಇರುತ್ತದೆ. ಬಾಗಿಲ ಬಳಿ ಸಾವಿರಾರು ಜನ ಒಟ್ಟಿಗೆ ಫೋನ್ ತೆಗೆದಾಗ ನೆಟ್‌ವರ್ಕ್ ಕೈಕೊಡುತ್ತದೆ. ಅದಕ್ಕೇ ಮನೆಯಲ್ಲಿದ್ದಾಗಲೇ ಟಿಕೆಟ್ಟನ್ನು ಫೋನಿನ ವಾಲೆಟ್‌ಗೆ ಹಾಕಿಟ್ಟುಕೊಳ್ಳಬೇಕು.

ಸ್ಮಿತ್ ಸೆಂಟರ್ ತೆರೆದದ್ದು 1986ರ ಜನವರಿ 18ರಂದು, ಡ್ಯೂಕ್ ವಿರುದ್ಧದ ಆಟದೊಂದಿಗೇ. ಕೆರೊಲಿನಾ 95-92ರಲ್ಲಿ ಗೆದ್ದಿತು. 21,750 ಆಸನ. ಕೆಳಗಿನ ಒಳ್ಳೆಯ ಸಾಲುಗಳಲ್ಲಿ ದೇಣಿಗೆ ಕೊಟ್ಟ ಹಿರಿಯರು ಕೂತಿರುತ್ತಾರೆ. ಹೊರಗಿನವರಿಗೆ ಸಿಗುವುದು ಸಾಮಾನ್ಯವಾಗಿ ಮೇಲಿನ 200ರ ಸಂಖ್ಯೆಯ ವಿಭಾಗಗಳು. ಅಲ್ಲಿಂದ ಆಟಗಾರರ ಮುಖ ಕಾಣದಿದ್ದರೂ ಆಟದ ನಡೆ ಪಗಡೆ ಹಾಸಿನ ಹಾಗೆ ಕಾಣುತ್ತದೆ. ನಮ್ಮ ಮಟ್ಟಿಗೆ ಅದು ನಷ್ಟವೇನಲ್ಲ.

ಹೊಸಬರಿಗೆ ಗಡಿಯಾರದ ಲೆಕ್ಕ ಗೊತ್ತಿಲ್ಲದಿದ್ದರೆ ಕೂದಲೆಳೆಯ ಗೆಲುವಿನ ರುಚಿಯೇ ಹತ್ತುವುದಿಲ್ಲ. ಕಾಲೇಜು ಪುರುಷರ ಆಟ 20 ನಿಮಿಷದ ಎರಡು ಭಾಗ. ಒಂದು ದಾಳಿಗೆ 30 ಸೆಕೆಂಡ್. ಪ್ರತಿ ಭಾಗದಲ್ಲೂ 16, 12, 8, 4 ನಿಮಿಷ ಉಳಿದಾಗಿನ ಮೊದಲ ನಿಲುಗಡೆಗೆ ಟಿವಿಯ ವಿರಾಮ. ಶೌಚಾಲಯಕ್ಕೆ ಹೋಗುವವರು ಆಗಲೇ ಹೋಗಬೇಕು, ಮಧ್ಯಂತರದ 15 ನಿಮಿಷ ಸಾಲಿನಲ್ಲೇ ಕಳೆದುಹೋಗುತ್ತದೆ. ಒಂದು ಭಾಗದಲ್ಲಿ ತಂಡದ 7ನೇ ಫೌಲ್‌ನಿಂದ ಎದುರಾಳಿಗೆ ‘ಒನ್ ಆ್ಯಂಡ್ ಒನ್’: ಮೊದಲ ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬರದ ಒಂದು ಪಾಯಿಂಟಿನ ಎಸೆತ, ಬಿದ್ದರಷ್ಟೇ ಎರಡನೆಯದು. 10ನೇ ಫೌಲ್‌ನಿಂದ ಎರಡೂ ಖಾತ್ರಿ. ಕೊನೆಯ ಒಂದು ನಿಮಿಷದೊಳಗೆ ಬಾಸ್ಕೆಟ್ ಬಿದ್ದಾಗ ಗಡಿಯಾರ ನಿಲ್ಲುತ್ತದೆ. ಹಿಂದಿರುವ ತಂಡ ಬೇಕೆಂದೇ ಫೌಲ್ ಮಾಡುವುದು ಅದಕ್ಕೇ: ಸಮಯ ನಿಲ್ಲುತ್ತದೆ, ಎದುರಾಳಿಯ ಕೈ ನಡುಗಿದರೆ ಚೆಂಡೂ ಸಿಗುತ್ತದೆ. ಹೀಗಾಗಿ ಆಟದ ಕೊನೆಯ ಎರಡು ನಿಮಿಷ ಕೈಗಡಿಯಾರದಲ್ಲಿ ಕಾಲು ಗಂಟೆಯಾಗುವುದೂ ಉಂಟು. ಹತ್ತು ಪಾಯಿಂಟ್ ಹಿಂದಿದ್ದೇವೆ, ಟ್ರಾಫಿಕ್ ತಪ್ಪಿಸೋಣ ಎಂದು ಎದ್ದು ಹೋಗುವವರು ಮೋಸ ಹೋಗುವುದು ಈ ಕಾಲು ಗಂಟೆಯಲ್ಲಿ.

2012ರ ಫೆಬ್ರವರಿ 8ರ ರಾತ್ರಿ ಆದದ್ದು ಅದೇ. ಎರಡು ನಿಮಿಷ ಚಿಲ್ಲರೆ ಉಳಿದಿದ್ದಾಗ ಡ್ಯೂಕ್ 10 ಪಾಯಿಂಟ್ ಹಿಂದಿತ್ತು. ಟೈಲರ್ ಥಾರ್ನ್‌ಟನ್, ಸೆತ್ ಕರಿ ಒಂದೊಂದು ತ್ರೀ, ಅಂದರೆ ಮೂರು ಪಾಯಿಂಟಿನ ದೂರದ ಎಸೆತ, ಹಾಕಿದರು. ಆಮೇಲೆ ರಯಾನ್ ಕೆಲ್ಲಿ ಎಸೆದ ಚೆಂಡನ್ನು ತಡೆಯಹೋದ ಕೆರೊಲಿನಾದ ಏಳಡಿ ಎತ್ತರದ ಟೈಲರ್ ಝೆಲ್ಲರ್ ಕೈ ತಾಗಿ ಅದು ತಮ್ಮದೇ ರಿಂಗಿಗೆ ಬಿತ್ತು. ಕೊನೆಗೆ ಅದೇ ಝೆಲ್ಲರ್ ಎರಡು ಫ್ರೀ ಥ್ರೋಗಳಲ್ಲಿ ಒಂದನ್ನು ತಪ್ಪಿಸಿಕೊಂಡ. 84-82. ಎರಡೂ ಬಿದ್ದಿದ್ದರೆ ಅಂತರ ಮೂರು, ಒಂದು ತ್ರೀ ಹಾಕಿದರೂ ಹೆಚ್ಚೆಂದರೆ ಸಮ. ಒಂದೇ ಬಿದ್ದದ್ದರಿಂದ ಒಂದು ತ್ರೀ ಎಂದರೆ ಗೆಲುವು. ಮೊದಲ ವರ್ಷದ ವಿದ್ಯಾರ್ಥಿ ಆಸ್ಟಿನ್ ರಿವರ್ಸ್ ಬಲಬದಿಯಲ್ಲಿ ಝೆಲ್ಲರ್‌ನ ಚಾಚಿದ ಕೈ ಮೇಲಿಂದ ಎಸೆದ ಚೆಂಡು ಗಾಳಿಯಲ್ಲಿದ್ದಾಗಲೇ ಸಮಯ ಮುಗಿಯಿತು. ಕೈಬಿಟ್ಟ ಚೆಂಡಿಗೆ ಅದು ಲೆಕ್ಕವಿಲ್ಲ. 85-84. ರಿವರ್ಸ್‌ನದು ಒಟ್ಟು 29 ಪಾಯಿಂಟ್.

ಇಂಥ ಹೊತ್ತಿನಲ್ಲಿ ಹೊರಗಿನ ಅಭಿಮಾನಿ ಕೇಳಿಸಿಕೊಳ್ಳುವುದು ಸದ್ದನ್ನಲ್ಲ, ಸದ್ದು ಅಡಗುವುದನ್ನು. ಇಪ್ಪತ್ತು ಸಾವಿರ ಜನರ ಗದ್ದಲ ಒಲೆಯ ಮೇಲಿನ ಹಾಲಿಗೆ ನೀರು ಚಿಮುಕಿಸಿದ ಹಾಗೆ ಇಳಿದುಬಿಡುತ್ತದೆ. ಆ ಮೌನದಲ್ಲಿ ಅಂಗಳದ ನಡುವೆ ರಾಶಿ ಬಿದ್ದು ಕೂಗುವ ಹದಿನೈದು ಹುಡುಗರ ದನಿ, ಬೆಂಚಿನ ಹಿಂದೆ ಕೂತ ಅವರ ಮನೆಯವರ ದನಿ ಮೇಲಿನ ಸಾಲಿಗೂ ಮುಟ್ಟುತ್ತದೆ. ಅಲ್ಲಲ್ಲಿ ಒಬ್ಬಿಬ್ಬರಾಗಿ ಚದುರಿ ಕೂತ ಗಾಢ ನೀಲಿಯವರು ಒಬ್ಬರನ್ನೊಬ್ಬರು ಕಣ್ಣಲ್ಲೇ ಹುಡುಕುತ್ತಾರೆ. ಕುಣಿಯುವಂತಿಲ್ಲ ಎಂಬ ಕಾನೂನೇನಿಲ್ಲ. ಸೂತಕದ ಮನೆಯಲ್ಲಿ ಹೋಳಿಗೆ ಹಂಚಬಾರದು ಎಂಬಷ್ಟು ವಿವೇಕ ಸಾಕು. ಅನುಭವಸ್ಥರು ಕೈಕುಲುಕಿ, ಜಾಕೆಟ್ಟಿನ ಜಿಪ್ ಮೇಲೆಳೆದು, ಹತ್ತು ನಿಮಿಷ ಕೂತಲ್ಲೇ ಕೂರುತ್ತಾರೆ. ಮೆಟ್ಟಿಲುಗಳ ಇಕ್ಕಟ್ಟಿನಲ್ಲಿ ಸೋತವರ ಭುಜಕ್ಕೆ ಭುಜ ತಾಗಿಸಿಕೊಂಡು ಇಳಿಯುವುದಕ್ಕಿಂತ ಅದು ಲೇಸು. ನಗು ಹೊರಬರುವುದು ಕಾರಿನ ಬಾಗಿಲು ಹಾಕಿಕೊಂಡ ಮೇಲೆ, 15-501ರ ಕತ್ತಲಲ್ಲಿ.

2020ರ ಫೆಬ್ರವರಿ 8ರಂದು ಇದೇ ಜಾಗದಲ್ಲಿ ಇನ್ನೂ ವಿಚಿತ್ರ. ಡ್ಯೂಕ್‌ನ ಟ್ರೇ ಜೋನ್ಸ್ ಫ್ರೀ ಥ್ರೋವನ್ನು ಬೇಕೆಂದೇ ರಿಂಗಿಗೆ ಹೊಡೆದು, ಪುಟಿದ ಚೆಂಡನ್ನು ತಾನೇ ಹಿಡಿದು, ಸಮಯ ಮುಗಿಯುವಾಗ ಹಾಕಿ ಸಮಮಾಡಿದ. ಐದು ನಿಮಿಷದ ಓವರ್‌ಟೈಮ್‌ನ ಕೊನೆಯ ಕ್ಷಣದಲ್ಲಿ ವೆಂಡೆಲ್ ಮೂರ್ ತಪ್ಪಿದ ಎಸೆತವೊಂದನ್ನು ಹಿಡಿದು ಒಳಗೆ ಹಾಕಿದ: 98-96. ಕೆರೊಲಿನಾದವರು ಆ ಸೋಲಿಗೆ ಜೋನ್ಸ್‌ಗಿಂತ ತಮ್ಮವರು ಕಳೆದುಕೊಂಡ ಫ್ರೀ ಥ್ರೋಗಳನ್ನೇ ಹೆಚ್ಚು ಬೈದುಕೊಳ್ಳುತ್ತಾರೆ. ಅದು ನ್ಯಾಯವೇ.

ಇನ್ನು ತಿರುಗು ದಾರಿ, ಚ್ಯಾಪಲ್ ಹಿಲ್‌ನಿಂದ ಡರ್ಹಮ್‌ಗೆ. ಇದು ಬೇರೆಯೇ ಪ್ರವಾಸ. ಡ್ಯೂಕ್‌ನ ಕ್ಯಾಮರಾನ್ ಇಂಡೋರ್ ಸ್ಟೇಡಿಯಂ 1940ರ ಜನವರಿಯ ಕಟ್ಟಡ, ಹೊರಗಿನಿಂದ ಕಲ್ಲಿನ ಚರ್ಚಿನ ಹಾಗಿದೆ, ಒಳಗೆ 9,314 ಜನಕ್ಕಷ್ಟೇ ಜಾಗ. ಬದಿಯ ಕೆಳಗಿನ ಸಾಲುಗಳು ಬಹುಪಾಲು ವಿದ್ಯಾರ್ಥಿಗಳದು. ಅವರು ಆಟ ಪೂರ್ತಿ ನಿಂತೇ ಇರುತ್ತಾರೆ, ಗೆರೆಯಾಚೆಯಿಂದ ಚೆಂಡು ಒಳಗೆ ಎಸೆಯುವ ಆಟಗಾರನ ಬೆನ್ನ ಹಿಂದೆಯೇ ಬೆರಳು ಆಡಿಸುತ್ತಾರೆ. ಆ ಜಾಗಕ್ಕಾಗಿ ವಾರಗಟ್ಟಲೆ ಹೊರಗಿನ ಹುಲ್ಲಿನ ಮೇಲೆ ಡೇರೆ ಹಾಕುತ್ತಾರೆ. 1986ರಿಂದ ನಡೆದುಬಂದ ಈ ಡೇರೆ ಊರಿಗೆ 2022ರವರೆಗೆ ಡ್ಯೂಕ್ ತರಬೇತುದಾರನಾಗಿದ್ದ ಮೈಕ್ ಶಶೆಫ್ಸ್ಕಿಯ ಹೆಸರೇ, ಬಾಯಿಮಾತಿಗೆ ಕೆ-ವಿಲ್. ಡೇರೆಗೆ 12 ಮಂದಿ. ಕಪ್ಪು, ನೀಲಿ, ಬಿಳಿ ಎಂದು ಮೂರು ದರ್ಜೆ. ಬೇಗ ಶುರುವಾಗುವ ಕಪ್ಪು ದರ್ಜೆಯಲ್ಲಿ ರಾತ್ರಿ ಬಹುಪಾಲು ಮಂದಿ ಒಳಗಿರಲೇಬೇಕು. ಯಾವ ಹೊತ್ತಿನಲ್ಲಾದರೂ ಹಾಜರಿ ಕರೆಯುತ್ತಾರೆ. ಮತ್ತೆ ಮತ್ತೆ ತಪ್ಪಿದರೆ ಸರದಿ ಹೋಗುತ್ತದೆ. ಹೊರಗಿನವರು ಈ ಸಾಲಿಗೆ ನಿಲ್ಲುವಂತಿಲ್ಲ, ಸುತ್ತಾಡಿ ನೋಡಿ ಬರಬಹುದು.

ಕೆರೊಲಿನಾ ಆಟಕ್ಕೆ ಕ್ಯಾಮರಾನ್ ಟಿಕೆಟ್ ಹೊರಗೆ ಕೊಳ್ಳಹೋದರೆ ನೂರಾರು ಡಾಲರ್ ಎಂಬುದು ಆರಂಭದ ಮಾತು, ಸಾವಿರಕ್ಕೂ ಏರುತ್ತದೆ. ಅತಿಥಿ ತಂಡಕ್ಕೆ ಸಿಗುವ ಒಂದು ಹಿಡಿ ಟಿಕೆಟ್ ಆಟಗಾರರ ಮನೆಯವರಿಗೇ ಮುಗಿದುಹೋಗುತ್ತದೆ. ಕಟ್ಟಡ ನೋಡುವುದೇ ಆಸೆಯಾದರೆ ಡ್ಯೂಕ್ ಮಹಿಳಾ ತಂಡದ ಆಟಕ್ಕೆ ಹೋಗಿ. ಅದೇ ಅಂಗಳ, ಅದೇ ಹಲಗೆ ಸೀಟು, ಬೆಲೆ ಎಷ್ಟೋ ಕಡಿಮೆ.

ಇಲ್ಲಿ ಕೆರೊಲಿನಾದವರ ನೆನಪಿನ ಗೆಲುವುಗಳು ಎರಡು. 1995ರ ಫೆಬ್ರವರಿ 2ರಂದು ಡ್ಯೂಕ್‌ನ ಜೆಫ್ ಕೇಪಲ್ ಮೊದಲ ಓವರ್‌ಟೈಮ್ ಮುಗಿಯುವಾಗ ಅಂಗಳದ ನಡುಗೆರೆಯ ಹತ್ತಿರದಿಂದ ಎಸೆದು 95-95 ಮಾಡಿದ. ಕಟ್ಟಡವೇ ಅಲುಗಿತು ಅನ್ನುತ್ತಾರೆ. ಅದನ್ನು ನುಂಗಿಕೊಂಡು ಕೆರೊಲಿನಾ ಎರಡನೇ ಓವರ್‌ಟೈಮ್‌ನಲ್ಲಿ 102-100ಕ್ಕೆ ಗೆದ್ದಿತು. ಬೇಸರದ ಸಂಗತಿಯೆಂದರೆ, ಆ ರಾತ್ರಿಯಿಂದ ಎಲ್ಲರಿಗೂ ನೆನಪಿರುವುದು ಸೋತವರ ಆ ಒಂದು ಎಸೆತ. 2001ರ ಫೆಬ್ರವರಿ 1ರ ಆಟದಲ್ಲಿ ಹಾಗಾಗಲಿಲ್ಲ. 83-83 ಇದ್ದಾಗ, 1.2 ಸೆಕೆಂಡ್ ಉಳಿದಿರುವಾಗ ಕೆರೊಲಿನಾದ ಬ್ರೆಂಡನ್ ಹೇವುಡ್ ಫ್ರೀ ಥ್ರೋ ಗೆರೆಗೆ ಬಂದ. ಇಂಥ ಎಸೆತಕ್ಕೆ ಹೆಸರಾದವನೇನಲ್ಲ. ಎರಡೂ ಬಿದ್ದವು.

ಗೆದ್ದ ಕೆರೊಲಿನಾದವರು ಕ್ಯಾಮರಾನ್‌ನಲ್ಲಿ ನಿಲ್ಲುವುದಿಲ್ಲ. ಅವರ ಹಬ್ಬ ನಡೆಯುವುದು ಆಟ ನಡೆದಲ್ಲಲ್ಲ, ಚ್ಯಾಪಲ್ ಹಿಲ್‌ನ ಫ್ರ್ಯಾಂಕ್ಲಿನ್ ಸ್ಟ್ರೀಟ್‌ನಲ್ಲಿ. ಡ್ಯೂಕ್ ವಿರುದ್ಧ ಗೆದ್ದರೆ, ಎಲ್ಲೇ ಗೆದ್ದಿರಲಿ, ಹಾಸ್ಟೆಲುಗಳಿಂದ ವಿದ್ಯಾರ್ಥಿಗಳು ಓಡಿಬಂದು ಕೊಲಂಬಿಯಾ ಸ್ಟ್ರೀಟ್ ಕೂಡುವ ಚೌಕದಲ್ಲಿ ಸೇರುತ್ತಾರೆ. ಪೊಲೀಸರು ರಸ್ತೆ ಮುಚ್ಚುತ್ತಾರೆ, ನಡುರಸ್ತೆಯಲ್ಲಿ ಸಣ್ಣ ಬೆಂಕಿ ಏಳುತ್ತದೆ, ಯಾರೋ ಹಾರುತ್ತಾರೆ. ಅದನ್ನು ನೋಡುವುದಕ್ಕಾದರೂ ಬೆಂಕಿಯಿಂದ ದೂರ, ಅಂಗಡಿಗಳ ಗೋಡೆ ಬದಿಗೆ ನಿಲ್ಲಬೇಕು. ಪಾಲಿಯೆಸ್ಟರ್ ಜರ್ಸಿಗೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ.

ಹವಾಮಾನ ಮರೆಯುವಂತಿಲ್ಲ. 2014ರ ಫೆಬ್ರವರಿ 12ರಂದು ಹಿಮ ಬಿದ್ದು ಡ್ಯೂಕ್ ತಂಡದ ಬಸ್ಸೇ ಈ ಹತ್ತು ಮೈಲಿ ದಾಟಲಾಗದೆ ಆಟ 20ನೇ ತಾರೀಖಿಗೆ ಹೋಯಿತು. ಇಲ್ಲಿನ ಹಿಮ ಕರಗಿ ಮತ್ತೆ ಗಾಜಿನಂತೆ ಗಟ್ಟಿಯಾಗುತ್ತದೆ. ಒಂದೆರಡು ಇಂಚಿಗೇ ರಸ್ತೆ ನಿಲ್ಲುತ್ತದೆ.

ಹಗಲು ಬಿಡುವಿದ್ದರೆ ಎರಡೂ ಕಡೆ ತಂಡದ ಮ್ಯೂಸಿಯಂ ಇದೆ, ಪ್ರವೇಶ ಉಚಿತ. ಆಟದ ದಿನ ಬಾಗಿಲು ತೆರೆಯುವ ವೇಳೆ ಬದಲಾಗುತ್ತದೆ, ಕೇಳಿಕೊಂಡು ಹೋಗಿ. ಕ್ಯಾಮರಾನ್ ಆಟ ಮುಗಿಸಿ ಫ್ರ್ಯಾಂಕ್ಲಿನ್ ಸ್ಟ್ರೀಟ್ ಹಬ್ಬಕ್ಕೆ ಕಾರಿನಲ್ಲಿ ಬರುವವರು ನೇರ ಅಲ್ಲಿಗೇ ನುಗ್ಗಬೇಡಿ. ಅಷ್ಟು ಹೊತ್ತಿಗೆ ರಸ್ತೆ ಮುಚ್ಚಿರುತ್ತದೆ, ಸುತ್ತಲ ಪಾರ್ಕಿಂಗ್ ಒಳಗೆ ಸಿಕ್ಕಿದ ಕಾರು ಒಂದು ಗಂಟೆ ಹೊರಗೆ ಬರುವುದಿಲ್ಲ. ಪಶ್ಚಿಮಕ್ಕೆ ಅಂಟಿಕೊಂಡಿರುವ ಕಾರ್ಬರೊ ಊರಲ್ಲಿ ಬಿಟ್ಟು ಇಪ್ಪತ್ತು ನಿಮಿಷ ನಡೆದು ಬನ್ನಿ. ಕೂಗು ಯಾವ ಕಡೆಯಿಂದ ಬರುತ್ತಿದೆಯೋ ಅದೇ ದಾರಿ.