ಇಷ್ಟೊಂದು ಬಗೆಯ ಸಂಶೋಧನೆ ಯಾಕೆ ಬೇಕು?

ಸಂಶೋಧನೆಗಳ ಬಗ್ಗೆ ಬರೆಯುವ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು: "ಒಬ್ಬರು ಬಿಸಿನೀರಿನ ಬುಗ್ಗೆಯಲ್ಲಿ ಬ್ಯಾಕ್ಟೀರಿಯಾ ಹುಡುಕ್ತಾರೆ. ಇನ್ನೊಬ್ಬರು ಯಾವುದೋ ಊರಲ್ಲಿ ಹೆಣ ಹೂಳುವ ಪದ್ಧತಿ ಬರ್ಕೊಳ್ತಾರೆ. ಕ್ಯಾನ್ಸರ್, ಬಡತನ ಎಲ್ಲ ಹಾಗೇ ಇರುವಾಗ ಇದೆಲ್ಲ ಬೇಕಾ? ಉಪಯೋಗಕ್ಕೆ ಬರೋದನ್ನಷ್ಟೇ ಮಾಡಿದ್ರೆ ಆಗಲ್ವಾ?"

ಪ್ರಶ್ನೆ ನ್ಯಾಯವಾದದ್ದೇ. ತಕ್ಷಣದ ಉಪಯೋಗ ನೋಡದೆ, ತಿಳಿಯುವುದಕ್ಕಾಗಿಯೇ ಮಾಡುವ ಮೂಲ ಸಂಶೋಧನೆಗೆ ಜನರ ತೆರಿಗೆ ಹಣ ಹೋಗುತ್ತದೆ, ಕೇಳುವ ಹಕ್ಕು ಎಲ್ಲರಿಗೂ ಇದೆ. ಆದರೆ ಯಾವುದು ಉಪಯೋಗಕ್ಕೆ ಬರುತ್ತದೆ ಅಂತ ಮೊದಲೇ ಹೇಳುವುದು ಹೇಗೆ?

ಬಿಸಿನೀರಿನ ಬುಗ್ಗೆಯನ್ನೇ ತೆಗೆದುಕೊಳ್ಳಿ. 1960ರ ದಶಕದಲ್ಲಿ ಥಾಮಸ್ ಬ್ರಾಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಯೆಲ್ಲೊಸ್ಟೋನ್‌ನಲ್ಲಿ ಹುಡುಕುತ್ತಿದ್ದದ್ದು ಇಷ್ಟೇ: ಎಷ್ಟು ಬಿಸಿಯಲ್ಲಿ ಜೀವ ಬದುಕಬಲ್ಲದು? ಸುಮಾರು 70 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಆರಾಮಾಗಿ ಬೆಳೆಯುವ ಬ್ಯಾಕ್ಟೀರಿಯಾ ಸಿಕ್ಕಿತು. ಮುಂದೆ 1980ರ ದಶಕದಲ್ಲಿ ಕ್ಯಾರಿ ಮುಲ್ಲಿಸ್ ಎಂಬ ವಿಜ್ಞಾನಿ ಡಿಎನ್ಎಯನ್ನು ನಕಲು ಮಾಡುವ ಪಿಸಿಆರ್ ವಿಧಾನ ಕಂಡುಹಿಡಿದರು. ಅದರಲ್ಲೊಂದು ತೊಡಕಿತ್ತು. ಡಿಎನ್ಎಯ ಎರಡು ಎಳೆ ಬಿಡಿಸಲು ಪ್ರತಿ ಸುತ್ತಿನಲ್ಲೂ ಕುದಿಯುವ ಹತ್ತಿರದವರೆಗೆ ಬಿಸಿ ಮಾಡಬೇಕು. ಆ ಬಿಸಿಗೆ, ನಕಲು ಮಾಡುವ ಕೆಲಸದ ಕಿಣ್ವ (ಎಂಜೈಮ್) ಹಾಳಾಗುತ್ತಿತ್ತು, ಪ್ರತಿ ಸಲ ಹೊಸದಾಗಿ ಹಾಕಬೇಕಿತ್ತು. ಬುಗ್ಗೆಯ ಬ್ಯಾಕ್ಟೀರಿಯಾದ ಕಿಣ್ವ ಆ ಬಿಸಿಯನ್ನು ತಡೆದುಕೊಂಡಿತು. ಕೊರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದ ಆರ್‌ಟಿ-ಪಿಸಿಆರ್ ಪರೀಕ್ಷೆ ಬೆಳೆದು ಬಂದದ್ದು ಈ ದಾರಿಯಲ್ಲೇ.

ವಿಜ್ಞಾನದ ಇಂಥ ಕಥೆಗಳನ್ನು ಜನ ಬೇಗ ಒಪ್ಪುತ್ತಾರೆ. ಸಮಾಜದ ಅಧ್ಯಯನದ ಮಾತು ಬಂದಾಗ ಮಾತ್ರ ಅನುಮಾನ ಜಾಸ್ತಿ. ಅದಕ್ಕೇ ಹೆಣ ಹೂಳುವ ಪದ್ಧತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು.

2014ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ, ಸಿಯೆರಾ ಲಿಯೋನ್, ಲೈಬೀರಿಯಾ ದೇಶಗಳಲ್ಲಿ ಎಬೋಲಾ ಎಂಬ ಮಾರಕ ವೈರಸ್ ರೋಗ ಹಬ್ಬಿತು. ವೈರಸ್ ಹೊಸದಲ್ಲ, 1976ರಲ್ಲೇ ಗುರುತಿಸಿದ್ದರು. ಸತ್ತವರ ದೇಹದಿಂದಲೂ ಅದು ಅಂಟುತ್ತದೆ ಅನ್ನುವುದೂ ಗೊತ್ತಿತ್ತು. ಆದರೆ ಅಲ್ಲಿ ಹೆಣಕ್ಕೆ ಸ್ನಾನ ಮಾಡಿಸಿ, ಮುಟ್ಟಿ ಬೀಳ್ಕೊಡುವುದು ಮನೆಯವರ ಕೊನೆಯ ಕರ್ತವ್ಯ. ಮೈತುಂಬ ರಕ್ಷಣಾ ಉಡುಪು ಹಾಕಿದ ಅಪರಿಚಿತರು ಬಂದು, ಹೆಣವನ್ನು ಚೀಲಕ್ಕೆ ಹಾಕಿ ಒಯ್ದುಬಿಟ್ಟರೆ ಮನೆಯವರಿಗೆ ಹೇಗಾಗಬೇಡ? ಎಷ್ಟೋ ಜನ ರೋಗಿಗಳನ್ನು ಬಚ್ಚಿಟ್ಟರು, ಗುಟ್ಟಾಗಿ ಹೂಳಿದರು. ರೋಗ ಇನ್ನಷ್ಟು ಹರಡಿತು. ಹೊಸ ಸೋಂಕುಗಳಲ್ಲಿ ಕನಿಷ್ಠ ಶೇ. 20ರಷ್ಟು ಅಂತ್ಯಸಂಸ್ಕಾರದ ವೇಳೆಯೇ ತಗಲುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಆಗ ಜನರ ಬದುಕು, ಆಚರಣೆಗಳನ್ನು ಅಧ್ಯಯನ ಮಾಡುವ ಮಾನವಶಾಸ್ತ್ರಜ್ಞರ ನೆರವು ಬೇಕಾಯಿತು. ಧರ್ಮಗುರುಗಳನ್ನೂ ಕೂರಿಸಿಕೊಂಡು ವಿಶ್ವ ಆರೋಗ್ಯ ಸಂಸ್ಥೆ 2014ರ ನವೆಂಬರ್‌ನಲ್ಲಿ ಹೊಸ ನಿಯಮ ಮಾಡಿತು. ಮನೆಯವರನ್ನು ಕೇಳದೆ ಹೂಳುವಂತಿಲ್ಲ. ಪ್ರಾರ್ಥನೆಗೆ ಅವಕಾಶ ಇರಬೇಕು. ಮುಸ್ಲಿಮರಿಗೆ ನೀರಿನ ಸ್ನಾನದ ಬದಲು ನೀರಿಲ್ಲದೆ ಮಾಡುವ ಶುದ್ಧಿ, ಮೇಲೆ ಕಫನ್, ಅಂದರೆ ಹೆಣಕ್ಕೆ ಸುತ್ತುವ ಬಟ್ಟೆ. ವೈರಸ್ ಹೇಗೆ ಹರಡುತ್ತದೆ ಅನ್ನುವುದನ್ನು ಲ್ಯಾಬ್ ಹೇಳಿತ್ತು. ಜನ ಯಾಕೆ ಬಾಗಿಲು ಹಾಕಿಕೊಳ್ಳುತ್ತಾರೆ ಅನ್ನುವುದನ್ನು ಹೇಳಬಲ್ಲವರು ಅವರ ಜತೆ ಕೂತು ಮಾತಾಡಿದವರು ಮಾತ್ರ. ಆ ತಿಳಿವಳಿಕೆ ರೋಗ ಬಂದ ಮೇಲೆ ನಾಲ್ಕು ದಿನದಲ್ಲಿ ಹುಟ್ಟುವಂಥದ್ದಲ್ಲ. ವರ್ಷಗಟ್ಟಲೆ ಅಲ್ಲಿದ್ದು, ಭಾಷೆ ಕಲಿತು, ಸುಮ್ನೆ ಕಾಣುವ ಸಂಗತಿಗಳನ್ನು ಬರೆದಿಟ್ಟವರು ಮೊದಲೇ ಇರಬೇಕು.

ಹಸಿವಿನ ವಿಷಯವೂ ಹಾಗೇ. ಇಳುವರಿ ಹೆಚ್ಚಿಸುವ ದಾರಿಯನ್ನು ಕೃಷಿ ವಿಜ್ಞಾನ ತೋರಿಸುತ್ತದೆ. ಆದರೆ 1943ರ ಬಂಗಾಳದ ಕ್ಷಾಮದಲ್ಲಿ ದವಸದ ಕೊರತೆಗಿಂತ ದೊಡ್ಡ ಕಾರಣ ಬೇರೆ ಇತ್ತು, ಬೆಲೆ ಏರಿ ಕೂಲಿಯವರ ಕೈಗೆ ಅಕ್ಕಿ ಎಟುಕದೆ ಹೋಯಿತು ಎಂದು 1981ರಲ್ಲಿ ವಾದಿಸಿದವರು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್.

ಹಾಗಂತ ನಡೆಯುತ್ತಿರುವ ಸಂಶೋಧನೆ ಎಲ್ಲವೂ ಗಟ್ಟಿ ಅಂತ ನಾನು ಹೇಳುವುದಿಲ್ಲ. ಬಡ್ತಿಗೆ ಪೇಪರ್ (ಪ್ರಕಟವಾದ ಸಂಶೋಧನಾ ಪ್ರಬಂಧ) ಎಣಿಸುವ ಕಡೆ ಎಣಿಕೆಗಾಗಿಯೇ ಪೇಪರ್ ಹುಟ್ಟುತ್ತವೆ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಅರ್ಧಕ್ಕೂ ಕಡಿಮೆಯವುಗಳಲ್ಲಿ ಮಾತ್ರ ಮೊದಲಿನ ಫಲಿತಾಂಶ ಬಂತು. ಇದು ಗಂಭೀರ ವಿಷಯ. ನಮ್ಮ ಸಿಟ್ಟು ಇಲ್ಲಿಗೆ ತಿರುಗಬೇಕು ಅಲ್ವಾ? ಸಂಶೋಧನೆಯ ಹೆಸರು ಕೇಳಿ "ಇದೆಂಥ ವಿಷಯ" ಅನ್ನುವುದು ಸುಲಭ. ಎಷ್ಟು ಜನರನ್ನು ಮಾತಾಡಿಸಿದರು, ಅವರನ್ನು ಹೇಗೆ ಆರಿಸಿದರು, ಬೇರೆಯವರು ಮಾಡಿ ನೋಡುವಷ್ಟು ವಿವರ ಕೊಟ್ಟಿದ್ದಾರಾ ಅಂತ ಕೇಳಿ. ಇದಕ್ಕೆಲ್ಲ ಉತ್ತರ ಪ್ರಬಂಧದ 'ವಿಧಾನ' ಎಂಬ ಭಾಗದಲ್ಲಿರುತ್ತದೆ. ಯಾವ ವಿಷಯದ ಪೇಪರ್ ಆದರೂ ನಾನು ಮೊದಲು ಓದುವುದು ಅದನ್ನೇ.