ಮುರಕಲ್ಲು ಪದವಿನ ಪುಟ್ಟ ಚಾಣ

ಮಳೆಗಾಲ ಮುಗಿದು ಮುಳಿಹುಲ್ಲು ಒಣಗತೊಡಗಿದಾಗ, ಮಣಿಪಾಲದ ಸುತ್ತಲಿನ ಮುರಕಲ್ಲು ಪದವುಗಳ (ಜಂಬಿಟ್ಟಿಗೆ ಕಲ್ಲಿನ ಮಟ್ಟಸ ಗುಡ್ಡಗಳ) ಮೇಲೆ ಗಾಳಿಗೆ ಮುಖಮಾಡಿ, ರೆಕ್ಕೆ ಬಡಿಯುತ್ತಾ ಒಂದೇ ಕಡೆ ನಿಂತು ನೆಲವನ್ನು ದಿಟ್ಟಿಸುವ ಪುಟ್ಟ ಬೇಟೆಹಕ್ಕಿ ಹೆಚ್ಚಾಗಿ ಕೆಸ್ಟ್ರೆಲ್ ಎಂಬ ಚಾಣವೇ ಆಗಿರುತ್ತದೆ. ಆದರೂ ಹಾರಾಟವೊಂದನ್ನೇ ನಂಬಿ ಹೆಸರು ಬರೆದುಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಏಕೆಂದರೆ ನೋಡಲು ಅದರಂತೆಯೇ ಇರುವ ಕಿರು ಕೆಸ್ಟ್ರೆಲ್ ಕೂಡ ಹಾಗೆಯೇ ನಿಂತು ಬೇಟೆ ಹುಡುಕುತ್ತದೆ.

ಪ್ರೌಢ ಗಂಡು ಸಿಕ್ಕಿದರೆ ಕೆಲಸ ಸುಲಭ. ಕೆಸ್ಟ್ರೆಲ್ ಗಂಡಿನ ತಲೆ ಬೂದುಬಣ್ಣದ್ದು, ಕಣ್ಣಿನ ಕೆಳಗೆ ಮೀಸೆಯಂತೆ ಇಳಿದ ಗೆರೆಯಿದೆ, ಇಟ್ಟಿಗೆಗೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕೆಗಳಿವೆ. ಕಿರು ಕೆಸ್ಟ್ರೆಲ್ ಗಂಡಿಗೆ ಬೆನ್ನಿನ ಚುಕ್ಕೆಯೂ ಇಲ್ಲ, ಮೀಸೆಯೂ ಇಲ್ಲ. ಬದಲಿಗೆ ರೆಕ್ಕೆಯ ಕೆಂಪಿಗೂ ಕಪ್ಪು ತುದಿಗರಿಗಳಿಗೂ ನಡುವೆ ನೀಲಿಬೂದು ಪಟ್ಟಿ ಕಾಣುತ್ತದೆ. ಬಾಲ ಎರಡಕ್ಕೂ ಬೂದು, ತುದಿಯಲ್ಲಿ ಒಂದೇ ಕಪ್ಪು ಪಟ್ಟಿ. ಅದರಿಂದ ಏನೂ ತೀರ್ಮಾನವಾಗದು.

ತೊಡಕಿರುವುದು ಹೆಣ್ಣಿನಲ್ಲಿ ಮತ್ತು ಹೆಣ್ಣನ್ನೇ ಹೋಲುವ ಎಳೆಯ ಹಕ್ಕಿಗಳಲ್ಲಿ. ಎರಡೂ ಜಾತಿಗಳಲ್ಲಿ ಮೈ ಕಂದುಗೆಂಪು, ಬೆನ್ನಿಗೂ ಬಾಲಕ್ಕೂ ಸಾಲುಸಾಲು ಅಡ್ಡಪಟ್ಟಿಗಳು. ಇಲ್ಲಿ ಬಣ್ಣದ ಗಾಢತೆಯನ್ನು ನಂಬಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ: ಬಿಸಿಲಿಗೆ ಗರಿ ಮಾಸುತ್ತದೆ, ಸಂಜೆಯ ಬೆಳಕು ಇಲ್ಲದ ಕೆಂಪನ್ನು ತುಂಬುತ್ತದೆ, ಸಾಲದ್ದಕ್ಕೆ ಘಟ್ಟಗಳಲ್ಲಿ ನೆಲೆಸಿರುವ ಕೆಸ್ಟ್ರೆಲ್ ಉಪಜಾತಿಯ ಬಣ್ಣವೇ ಹೆಚ್ಚು ಗಾಢ. ಹಕ್ಕಿ ಕುಳಿತಿರುವಾಗ ಮಡಚಿದ ರೆಕ್ಕೆಯ ತುದಿಯನ್ನು ನೋಡಬೇಕು. ಕಿರು ಕೆಸ್ಟ್ರೆಲ್‌ನಲ್ಲಿ ಅದು ಬಾಲದ ತುದಿಯ ಸಮೀಪಕ್ಕೆ ಬರುತ್ತದೆ, ಕೆಸ್ಟ್ರೆಲ್‌ನಲ್ಲಿ ಬಾಲವೇ ರೆಕ್ಕೆಯ ತುದಿಯನ್ನು ದಾಟಿ ಸ್ಪಷ್ಟವಾಗಿ ಚಾಚಿರುತ್ತದೆ. ಗರಿಗಳು ಇಷ್ಟು ಹೇಳಿದ ಮೇಲೆ ಕೊನೆಯ ಮಾತು ಉಗುರಿನದು. ಕಲ್ಲಿನ ಗಡಿಕಂಬದ ಮೇಲೆ ಕುಳಿತ ಹೆಣ್ಣೊಂದು ಹಸಿರು ಮಿಡತೆಯನ್ನು ಒಂದೇ ಕಾಲಿನಲ್ಲಿ ಒತ್ತಿ ಹಿಡಿದು, ತಲೆ ಕಿತ್ತು ತಿನ್ನುತ್ತಿದ್ದಾಗ, ಆ ಹಸಿರಿನ ಮೇಲೆ ಉಗುರುಗಳ ಕಪ್ಪು ಎದ್ದು ಕಂಡಿತು. ಅದು ಕೆಸ್ಟ್ರೆಲ್, ಕಿರು ಕೆಸ್ಟ್ರೆಲ್‌ನ ಉಗುರು ಬಿಳಿಚಿಕೊಂಡಂತೆ ಇರುತ್ತದೆ.

ನವೆಂಬರ್ ಸುಮಾರಿಗೆ ಇನ್ನೊಂದು ಸಾಧ್ಯತೆಯನ್ನೂ ನೆನಪಿನಲ್ಲಿಡಬೇಕು. ಪೂರ್ವ ಏಷ್ಯಾದಿಂದ ಹೊರಟ ಅಮೂರ್ ಚಾಣಗಳು ಭಾರತವನ್ನು ಹಾದು, ಅರಬ್ಬಿ ಸಮುದ್ರವನ್ನು ದಾಟಿ ದಕ್ಷಿಣ ಆಫ್ರಿಕಾದ ಕಡೆಗೆ ಸಾಗುವ ಕಾಲವದು. ಅದರ ಗಂಡು ಬೂದುಗಪ್ಪು, ರೆಕ್ಕೆಯ ಒಳಭಾಗದ ಮುಂದಿನರ್ಧ ಅಚ್ಚಬಿಳಿ. ಹೆಣ್ಣಿನ ಬಿಳಿ ಎದೆಯ ಮೇಲೆ ಕಪ್ಪು ಗುರುತುಗಳು. ಪ್ರೌಢ ಹಕ್ಕಿಗಳ ಕಾಲು ಕಿತ್ತಳೆಗೆಂಪಾಗಿರುವುದರಿಂದ, ಹಳದಿ ಕಾಲಿನ ಕೆಸ್ಟ್ರೆಲ್‌ಗಳ ನಡುವೆ ಕುಳಿತರೂ ಅದನ್ನು ಬೇರ್ಪಡಿಸಬಹುದು.